ತೊಳೆಯಬಾರದ ಬಾಟಲಿ

ಚಿಲ್ವ ಸರೋವರದ ಮೀನುಗಾರರು ಎನಿಫಾಳನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಅಪರೂಪ. ಅವರ ಬಾಯಲ್ಲಿ ಅವಳು ಬಾಟಲಿಯಮ್ಮ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಅವಳ ದೋಣಿಯ ಮೂತಿ ಜೊಂಡಿನ ನಡುವೆ ಕಂಡದ್ದೇ ತಡ, ತೇಲುಗುಡಿಸಲುಗಳಿಂದ ಕೂಗು ಏಳುತ್ತಿತ್ತು.

"ಬಂದಳಪ್ಪಾ ನೀರುಗಳ್ಳಿ! ಹಿಂಗೆ ವಾರಕ್ಕೆರಡು ಸಲ ಹೊತ್ಕೊಂಡು ಹೋದ್ರೆ ಕೆರೆ ಬತ್ತೋಗುತ್ತೆ ಕಣಮ್ಮೋ!"

"ಬತ್ತಲಿ ಬಿಡ್ರೋ. ಆವಾಗ್ಲಾದ್ರೂ ನೀವು ಎಷ್ಟು ಹೇತಿದ್ದೀರಿ ಅಂತ ನಿಮ್ಮ ಕಣ್ಣಿಗೇ ಕಾಣುತ್ತೆ."

ಅವಳ ಬಾಯಿ ಅಂಥದು. ಹಾಗಿರದಿದ್ದರೆ ಆ ಗಂಡಸರ ನಡುವೆ ಒಂಬತ್ತು ವರ್ಷ ಬಿದಿರಿನ ಗಳ ಊರಿ ದೋಣಿ ನಡೆಸಲು ಆಗುತ್ತಲೂ ಇರಲಿಲ್ಲ. ಜೊಂಡನ್ನು ಬಗ್ಗಿಸಿ, ಹೊರೆಗಟ್ಟಲೆ ಪೇರಿಸಿ, ಅದರ ಮೇಲೆ ಹುಲ್ಲಿನ ಗುಡಿಸಲು ಕಟ್ಟಿಕೊಂಡು ಅವರು ತಿಂಗಳುಗಟ್ಟಲೆ ನೀರಿನ ಮೇಲೆಯೇ ಇರುತ್ತಿದ್ದರು. ಗುಡಿಸಲಿನ ಈ ಬದಿಯಲ್ಲಿ ಮುಖ ತೊಳೆಯುವುದು, ಆ ಬದಿಯಲ್ಲಿ ಕೂರುವುದು, ನಡುವೆ ಬೊಗಸೆ ಇಳಿಸಿ ಕುಡಿಯುವುದು. ಹೇಳಿದರೆ ನಗುತ್ತಿದ್ದರು.

ದಡದ ತಗಡಿನ ಕಟ್ಟಡದಲ್ಲಿದ್ದ ಸಂಶೋಧನಾ ಕೇಂದ್ರಕ್ಕೆ ಬೇಕಾದದ್ದು ಆ ನೀರೇ. ಕಾಲರಾದ ಕ್ರಿಮಿ ಬೇಸಿಗೆಯಲ್ಲಿ ಎಲ್ಲಿ ಅಡಗಿರುತ್ತದೆ, ಮಳೆ ಬಿದ್ದ ಮೇಲೆ ಎಷ್ಟು ದಿನಕ್ಕೆ ಏಳುತ್ತದೆ, ಜನ ಹಾಸಿಗೆ ಹಿಡಿಯುವ ಮೊದಲೇ ಅದನ್ನು ಕಂಡುಹಿಡಿಯಲು ಆಗುತ್ತದೆಯೇ ಎಂದು ಡಾಕ್ಟರ್ ಮ್ಸುಕ್ವಾ ಮತ್ತು ಅವರ ಮೇಲಿನವರು ತಲೆ ಕೆಡಿಸಿಕೊಂಡಿದ್ದರು. ಎನಿಫಾ ಓದಿದ್ದು ಎಂಟನೇ ತರಗತಿ. ಆದರೆ ನೀರು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ಆ ದಡದಲ್ಲಿ ಇರಲಿಲ್ಲ. ಬಾಟಲಿಯ ಬುಡ ಹಿಡಿಯಬೇಕು, ಬಾಯಿಗೆ ಬೆರಳು ತಾಗಿಸಬಾರದು, ಬೋರಲು ಮುಳುಗಿಸಿ ಮೊಳದಾಳದಲ್ಲಿ ತಿರುಗಿಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಬಾಟಲಿಯನ್ನು ಮೊದಲು ತೊಳೆಯಬಾರದು. ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ ಇರುತ್ತಿತ್ತು. ತೊಳೆದರೆ ಅದು ಹೋಗುತ್ತದೆ. ಆ ಪುಡಿ ಯಾಕೆ ಎಂದು ಕೆಲಸಕ್ಕೆ ಸೇರಿದ ಮೊದಲ ವಾರ ಯಾರೋ ಹೇಳಿದ್ದರು. ಅದರ ಅಗತ್ಯವಿದ್ದದ್ದು ಪೇಟೆಯ ನಲ್ಲಿಗಳಿಗೆ; ಸರೋವರದ ನೀರಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೀಗಾಗಿ ವರ್ಷಗಳು ಕಳೆದ ಹಾಗೆ ಎನಿಫಾಳಿಗೆ ನಿಯಮ ಉಳಿಯಿತು, ಕಾರಣ ಮರೆತುಹೋಯಿತು. ಹೊಸಬರು ಯಾರಾದರೂ ಬಾಟಲಿಗೆ ನೀರು ಕುಲುಕಿಸಿ ಚೆಲ್ಲಿದರೆ ಮಾತ್ರ ಅವಳಿಗೆ ಮೈ ಉರಿಯುತ್ತಿತ್ತು.

ತೇಲುಗುಡಿಸಲುಗಳ ಸಾಲಿನಲ್ಲಿ ಏಳನೆಯದು ಅವಳ ತಮ್ಮ ವೈಸೋನಿಯದು. ಅವಳಿಗಿಂತ ಹದಿಮೂರು ವರ್ಷ ಚಿಕ್ಕವನು. ಅವನನ್ನು ಹೆತ್ತ ಮರುವರ್ಷ ತಾಯಿ ತೀರಿಕೊಂಡಳು. ಬೆನ್ನಿಗೆ ಬಟ್ಟೆ ಬಿಗಿದು ಹೊತ್ತು, ಗಂಜಿ ಕುಡಿಸಿ, ಹೊಡೆದು ಬಡಿದು ಬೆಳೆಸಿದವಳು ಅಕ್ಕ. ಅವನು ಅವಳ ಒಂದು ಮಾತನ್ನೂ ಕೇಳಿದವನಲ್ಲ. ಶಾಲೆಗೆ ಹೋಗು ಎಂದರೆ ಮೀನಿಗೆ ಹೋದ. ಆ ಹುಡುಗಿ ಬೇಡ ಎಂದರೆ ಅವಳನ್ನೇ ಮದುವೆಯಾದ. ಆ ಫಾಲೆಸಿ ಬಂಗಾರದಂಥ ಹೆಣ್ಣು ಎಂದು ಎನಿಫಾಳಿಗೆ ಗೊತ್ತಾಗಲು ನಾಲ್ಕು ವರ್ಷ ಬೇಕಾಯಿತು, ಅದು ಬೇರೆ ಮಾತು. ಅಕ್ಕನ ದೋಣಿ ಪಕ್ಕಕ್ಕೆ ಬಂದು ನಿಂತರೆ ಸಾಕು, ಅವನು ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ನೀರಿನ ಮೇಲಿನ ಕಸವನ್ನು ಮುಂಗೈಯಿಂದ ಎರಡು ಸಲ ಸರಿಸಿ, ಬೊಗಸೆ ತುಂಬ ಎತ್ತಿ ಅವಳ ಮುಖ ನೋಡುತ್ತಲೇ ಗಟಗಟ ಕುಡಿಯುತ್ತಿದ್ದ.

"ಎಷ್ಟು ಹುಳ ಹೋಯ್ತು, ಎಣಿಸಿದ್ಯಾ ಅಕ್ಕ?"

"ಸಾಯ್ತೀಯ ಕಣೋ."

"ನೀನು ಬೆಳೆಸಿದ ಹೊಟ್ಟೆ ಅಕ್ಕ. ನಿನ್ನ ಅಡಿಗೆ ತಿಂದು ಬದುಕಿದ್ದು, ಈ ನೀರು ಏನು ಮಾಡುತ್ತೆ?"

ಆ ವರ್ಷ ಮಳೆ ಜೋರಾಯಿತು. ಹೊಳೆಗಳೆಲ್ಲ ಊರ ಕೊಳೆಯನ್ನು ಹೊತ್ತು ಸರೋವರಕ್ಕೆ ಇಳಿದವು. ಎನಿಫಾ ತಂದ ಬಾಟಲಿಗಳಲ್ಲಿ ಮೊದಲು ಎರಡರಲ್ಲಿ, ಆಮೇಲೆ ಐದರಲ್ಲಿ, ಆಮೇಲೆ ಎಲ್ಲದರಲ್ಲೂ ಕ್ರಿಮಿ ಕಂಡಿತು. ದಡದಲ್ಲಿ ರೋಗಿಗಳಿಗೆಂದು ಬಿಳಿ ಗುಡಾರ ಎದ್ದಿತು. ಒಳಗೆ ನಡುವೆ ತೂತು ಕೊರೆದ ಮಂಚಗಳು, ತೂತಿನ ಕೆಳಗೆ ಬಕೆಟ್ಟುಗಳು. ವೈಸೋನಿಯ ಪಕ್ಕದ ಗುಡಿಸಲಿನ ಮುದುಕ ಸಂಜೆ ಬಲೆ ಬಿಟ್ಟು ಬಂದವನು ಬೆಳಗಾಗುವುದರೊಳಗೆ ಸತ್ತ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ವೈಸೋನಿ.

ಅಂದಿನಿಂದ ಅವನು ಹೆದರಿದ. ಬೊಗಸೆ ನೀರು ಬಿಟ್ಟ. ಅದೇ ಸಾಲಿನ ಕೊನೆಯಲ್ಲಿ ಬ್ವಾನಾಲಿ ಎಂಬ ಗಡ್ಡದವನು ತೇಲುವ ಚಹದಂಗಡಿ ಇಟ್ಟಿದ್ದ. ಕುದಿಯುವ ಕೆಟಲಿನಿಂದ ಬಗ್ಗಿಸಿ ಕೊಡುವ ಚಹ ಬಿಟ್ಟರೆ ವೈಸೋನಿಯ ಗಂಟಲಿಗೆ ಬೇರೆ ಏನೂ ಇಳಿಯಲಿಲ್ಲ.

ಗುರುವಾರ ಎನಿಫಾ ಹೋದಾಗ ಅವನು ಕುಡಿದು ತೋರಿಸಲಿಲ್ಲ. ತುಟಿ ಒಡೆದು ಬಿಳಿಚಿಕೊಂಡಿತ್ತು.

"ನಡಿ ದಡಕ್ಕೆ," ಎಂದಳು. "ಫಾಲೆಸಿ ಹತ್ರ ಹೋಗು, ಇಲ್ಲ ನನ್ನ ಮನೇಲಿ ಬಿದ್ದಿರು. ಇದು ಮುಗಿಯೋವರೆಗೆ ಈ ನೀರಿನ ಮೇಲೆ ಇರಬೇಡ."

"ಶನಿವಾರ ಬರ್ತೀನಿ ಅಕ್ಕ."

ಅವನು ಇಷ್ಟು ಸಲೀಸಾಗಿ ಒಪ್ಪಿದ್ದು ಎನಿಫಾಳಿಗೆ ನಂಬಲಾಗಲಿಲ್ಲ. ಆದರೆ ಅವನ ಕಣ್ಣು ಬಲೆಯ ಕಡೆಗಿತ್ತು. 'ಮತೆಂಬ' ಅನ್ನುವ ಮೀನು ಏಳುವ ಕಾಲ ಅದು. ಬೆರಳುದ್ದದ ಮೀನು, ಬಲೆ ಎತ್ತಿದರೆ ಬೆಳ್ಳಿ ಚೆಲ್ಲಿದ ಹಾಗೆ. ವರ್ಷದಲ್ಲಿ ಮೂರು ವಾರ ಮಾತ್ರ.

"ಈ ಚಹ ಕುಡಿದೂ ಕುಡಿದೂ ತಲೆ ಸಿಡಿತೈತೆ," ಎಂದ. "ಬಿಸಿಲಲ್ಲಿ ಬಲೆ ಎಳೆದ ಮೇಲೆ ಬಿಸಿ ಚಹ! ಬ್ವಾನಾಲಿಗೆ ಹೇಳಿದೆ, ಮಾರಾಯ, ಸ್ವಲ್ಪ ಆರಿಸಿ ಕೊಡೋ ಅಂತ. ಆರಿದ್ದು ಬೇಕಾದ್ರೆ ಕೆರೇಲೇ ಐತಲ್ಲ ಅಂತಾನೆ." ಆಮೇಲೆ ಅಕ್ಕನ ಕಡೆ ನೋಡದೆ ಕೇಳಿದ. "ನಿಮ್ಮ ಕೇಂದ್ರದೋರ ಹತ್ರ ಇದಕ್ಕೆ ಏನೂ ಇಲ್ವಾ? ನೀರು ಕುಡಿಯೋ ಹಾಗೆ ಮಾಡಿಕೊಟ್ರೆ ಇಲ್ಲೇ ಇದ್ದುಬಿಡ್ತೀನಿ. ನೀನು ಹೆಂಗೆ ಹೇಳ್ತೀಯೋ ಹಂಗೇ ಮಾಡ್ತೀನಿ."

ಮೂವತ್ತೊಂದು ವರ್ಷದಲ್ಲಿ ಅವನು ಆ ಮಾತನ್ನು ಆಡಿದ್ದು ಅದೇ ಮೊದಲು. ಎನಿಫಾಳ ಎದೆ ಹಿಗ್ಗಿತು. ದಡಕ್ಕೆ ಬಾ ಎಂದು ಹಟ ಹಿಡಿಯಬೇಕಾದವಳು ಹಟ ಬಿಟ್ಟಳು. ಅವಳು ಎಡವಿದ್ದು ಅಲ್ಲೇ.

ಕೇಂದ್ರದಲ್ಲಿ ಬಾಟಲಿಗಳ ಒಂದು ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು. ಮುಚ್ಚಳದ ಮೇಲಿನ ತಾರೀಖು ಮುಗಿದದ್ದರಿಂದ ಅದನ್ನು ಸುಡಲು ಹೇಳಿದ್ದರು. ಎನಿಫಾ ಅದರಿಂದ ಹನ್ನೆರಡು ಬಾಟಲಿ ತೆಗೆದುಕೊಂಡಳು, ಮುದ್ರೆ ಒಡೆಯದ, ಅರ್ಧ ಲೀಟರಿನ, ಕನ್ನಡಿಯ ಹಾಗೆ ತಿಳಿಯಾದ ಬಾಟಲಿಗಳು. ನೀರಿಗೆ ಹಾಕುವ ಕ್ಲೋರಿನ್ನಿನ ಒಂದು ಸೀಸೆಯನ್ನೂ ಜೊತೆಗಿಟ್ಟುಕೊಂಡಳು. ಅವನ ಡಬ್ಬಗಳನ್ನು ಅವಳು ನೋಡಿದ್ದಳು. ಒಳಗೆಲ್ಲ ಪಾಚಿ, ಮೀನಿನ ಪೊರೆ. ಅದಕ್ಕೆ ಕ್ಲೋರಿನ್ ಸುರಿದು ಏನು ಬಂತು? ಶುಕ್ರವಾರ ಅವಳ ಸರದಿಯಲ್ಲ, ಆದರೂ ಗಳ ಊರಿಕೊಂಡು ಹೋದಳು.

ಗುಡಿಸಲಿನ ಅಂಚಿನಲ್ಲಿ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದಳು.

"ನೀರನ್ನ ಒಂದು ರಾತ್ರಿ ಮಡಕೇಲಿಡು, ಮಣ್ಣು ತಳಕ್ಕೆ ಹೋಗಲಿ. ಮೇಲಿನ ತಿಳಿ ಬಟ್ಟೇಲಿ ಸೋಸಿ ಬಾಟಲಿಗೆ ತುಂಬು. ಎರಡು ಹನಿ. ಮೂರಲ್ಲ, ಒಂದಲ್ಲ. ಮುಚ್ಚಿ ಅಲ್ಲಾಡಿಸು. ನೆರಳು ಇಷ್ಟು ಸರಿಯೋವರೆಗೆ ಮುಟ್ಟಬೇಡ. ಆಮೇಲೆ ಕುಡಿ."

"ಬಾಟಲಿ ತೊಳೀಬೇಕಾ?"

"ಮುಟ್ಟಿದ್ರೆ ಕೈ ಮುರೀತೀನಿ. ನಿನ್ನ ಕೆರೆ ನೀರಲ್ಲಿ ತೊಳೆದು ಹೊಲಸು ಮಾಡೋಕಾ? ಇದು ಕಾರ್ಖಾನೆಯಿಂದ ಚೊಕ್ಕಟವಾಗಿ ಬಂದಿದ್ದು. ಹಂಗೇ ತುಂಬು."

"ಒಳಗೆ ಏನೋ ಪುಡಿ ಐತಲ್ಲ."

"ಅದು ಇರಲಿ. ಅದು ಇರಬೇಕು."

ಬಾಯಿಗೆ ರೂಢಿಯಾದ ಮಾತು, ತಾನಾಗಿ ಬಂತು. ವೈಸೋನಿ ತಲೆಯಾಡಿಸಿದ. ಪಕ್ಕದ ಗುಡಿಸಲಿನವರು ನೋಡಿ ನಕ್ಕರು. "ಏನಯ್ಯಾ, ನೀನೂ ಬಾಟಲಿಯಪ್ಪ ಆಗ್ಬಿಟ್ಯಾ?" ಎಂದರು. ಅವನು ಎದೆ ಸೆಟೆಸಿ, "ನಮ್ಮಕ್ಕ ಒಂಬತ್ತು ವರ್ಷ ಕಲಿತಿದ್ದು ಕಣ್ರೋ. ನಿಮ್ಮ ಮನೇಲಿ ಯಾರಿದ್ದಾರೆ ಇಂಥೋರು?" ಎಂದ. ಅದನ್ನು ಕೇಳಿಕೊಂಡೇ ಎನಿಫಾ ದೋಣಿ ತಿರುಗಿಸಿದಳು. ದಡ ಸೇರುವವರೆಗೂ ಅವಳ ಮುಖದಲ್ಲಿ ನಗು ಇತ್ತು.

ಸೋಮವಾರ ಬೆಳಿಗ್ಗೆ ಅವಳು ದೋಣಿಗೆ ಬಾಟಲಿ ಜೋಡಿಸುತ್ತಿರುವಾಗ ಬ್ವಾನಾಲಿಯ ದೋಣಿ ಬಂತು. ಎದುರುಗಾಳಿಯಲ್ಲಿ ನಾಲ್ಕು ಗಂಟೆ ಅವನೊಬ್ಬನೇ ನೂಕಿಕೊಂಡು ಬಂದಿದ್ದ. ದೋಣಿಯ ತಳದಲ್ಲಿ, ನೀರು ವಾಂತಿಗಳ ನಡುವೆ, ವೈಸೋನಿ ಮಗ್ಗುಲಾಗಿ ಬಿದ್ದಿದ್ದ. ಕಣ್ಣು ಗುಳಿಬಿದ್ದಿತ್ತು. ಬೆರಳ ತುದಿಗಳು ಮುದುಕನ ಬೆರಳುಗಳ ಹಾಗೆ ಸುಕ್ಕಾಗಿದ್ದವು.

ಇಬ್ಬರೂ ಹೊತ್ತು ಗುಡಾರಕ್ಕೆ ತಂದರು. ಡಾಕ್ಟರ್ ಮ್ಸುಕ್ವಾ ತೋಳು ಹಿಡಿದು ನರ ಹುಡುಕಿದರು, ಸಿಗಲಿಲ್ಲ. ಇನ್ನೊಂದು ತೋಳು, ಸಿಗಲಿಲ್ಲ. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ಎದ್ದ ಹಾಗೇ ನಿಂತಿತು. ಕೊನೆಗೆ ಪಾದದಲ್ಲಿ ಒಂದು ನರ ಹಿಡಿದು ನೀರು ಏರಿಸಿದರು.

ಎನಿಫಾಳಿಗೆ ಭಯವಾದಾಗ ಸಿಟ್ಟು ಬರುತ್ತಿತ್ತು. ಚಿಕ್ಕಂದಿನಿಂದ ಹಾಗೇ. ಅವನು ಮರದಿಂದ ಬಿದ್ದು ಕೈ ಮುರಿದುಕೊಂಡಾಗಲೂ ಮೊದಲು ಕೆನ್ನೆಗೆ ಬಾರಿಸಿ ಆಮೇಲೆ ಎತ್ತಿಕೊಂಡಿದ್ದಳು.

"ಕೆರೆ ನೀರು ಕುಡಿದ್ಯಾ?" ಎಂದಳು.

"ಇಲ್ಲಕ್ಕ." ದನಿಯೇ ಇರಲಿಲ್ಲ, ಗಾಳಿ ಮಾತ್ರ. ಆ ರೋಗದಲ್ಲಿ ಗಂಟಲು ಹಾಗಾಗುತ್ತದೆ.

"ನಿಜ ಹೇಳು."

"ನೀನು ಕೊಟ್ಟಿದ್ದೇ. ಎರಡು ಹನಿ. ಕಾಯ್ದು ಕುಡಿದೆ."

"ಸುಳ್ಳು ಬೊಗಳಬೇಡ ವೈಸೋನಿ! ಔಷಧಿ ಹಾಕಿದ ನೀರು ಕುಡಿದೋನಿಗೆ ಇದು ಹೆಂಗೆ ಬರುತ್ತೆ? ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ನನಗೇ ಕಥೆ ಹೇಳ್ತೀಯಾ? ಹುಟ್ಟಿದಾಗಿಂದ ನೀನು ನನ್ನ ಒಂದು ಮಾತು ಕೇಳಿದ್ದಿದ್ಯಾ? ಬೊಗಸೆ ಎತ್ತಿ ಕುಡಿದಿದ್ದೀಯ. ಆಸೆ ತಡೀಲಿಲ್ಲ, ಕುಡಿದುಬಿಟ್ಟೆ. ಒಪ್ಕೋ!"

"ಎನಿಫಾಮ್ಮ, ಸಾಕು," ಎಂದರು ಡಾಕ್ಟರು. ಅವಳು ನಿಲ್ಲಿಸಲಿಲ್ಲ. ಕಟ್ಟಿಕೊಂಡ ಹೆಂಡತಿಯ ಬಗ್ಗೆ ಯೋಚಿಸಿದೆಯಾ ಎಂದು ಕೇಳಿದಳು. ಅವನನ್ನು ಹೊತ್ತ ಬೆನ್ನು ಇದು ಎಂದು ತನ್ನ ಬೆನ್ನಿಗೆ ತಾನೇ ಹೊಡೆದುಕೊಂಡಳು.

ವೈಸೋನಿ ಗುಳಿಬಿದ್ದ ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದ. ಆಮೇಲೆ ತುಟಿ ಅಲುಗಿತು. ಅವಳು ಬಗ್ಗಿ ಕಿವಿ ಕೊಡಬೇಕಾಯಿತು.

"ಆಯ್ತಕ್ಕ. ಕುಡಿದೆ. ಒಂದೇ ಸಲ. ಬೈಬೇಡ."

"ಹಂಗೆ ಹೇಳು ಮತ್ತೆ," ಎಂದಳು ಎನಿಫಾ. ಅಷ್ಟಕ್ಕೆ ಬಿಡಲಿಲ್ಲ. ಡಾಕ್ಟರ ಕಡೆ ತಿರುಗಿ, "ಬರ್ಕೊಳ್ಳಿ ಡಾಕ್ಟ್ರೇ. ಕೆರೆ ನೀರು ಕುಡಿದಿದ್ದಾನೆ," ಎಂದಳು. ಡಾಕ್ಟರು ಹಾಳೆಯಲ್ಲಿ ಬರೆದುಕೊಂಡರು. ಪ್ರತಿ ರೋಗಿಗೂ ಅಂಥದೊಂದು ಹಾಳೆ ಇತ್ತು, ಸಂಶೋಧನೆಯ ಹಾಳೆ. ಯಾವ ನೀರು ಕುಡಿದ, ಶುದ್ಧ ಮಾಡಿ ಕುಡಿದನೋ ಹಾಗೇ ಕುಡಿದನೋ.

ಆಮೇಲೆ ಅವಳು ಅವನ ತಲೆಯನ್ನು ತೊಡೆಗೆ ಎಳೆದುಕೊಂಡು ಉಪ್ಪುಸಕ್ಕರೆಯ ನೀರನ್ನು ಚಮಚದಿಂದ ಹಾಕುತ್ತ ಕೂತಳು. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದೇ ಹೆಚ್ಚು. ಮಧ್ಯಾಹ್ನವಾಗುವ ಮೊದಲೇ ವೈಸೋನಿ ಸತ್ತ.

ಫಾಲೆಸಿ ಎರಡು ಗಂಟೆಯ ದಾರಿ ಓಡಿಕೊಂಡು ಬಂದಳು. ಬಾಗಿಲಲ್ಲೇ ಅವಳನ್ನು ತಡೆದರು. ಕಾಲರಾದ ಹೆಣವನ್ನು ಮನೆಯವರು ತೊಳೆಯುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಬೂಟು ಕೈಗವಸು ಹಾಕಿದ ಇಬ್ಬರು ಅವನನ್ನು ಚೀಲಕ್ಕೆ ಹಾಕಿ, ಬೆನ್ನಿಗೆ ಕಟ್ಟಿಕೊಂಡ ಡಬ್ಬದಿಂದ ಮೇಲೆ ಕೆಳಗೆ ಕ್ಲೋರಿನ್ ಹೊಡೆದರು. ಕಣ್ಣು ಉರಿಯುವಷ್ಟು ಘಾಟು. ಕೆರೆ ನೀರು ಕುಡಿದನಂತೆ, ತಾನೇ ಒಪ್ಪಿಕೊಂಡನಂತೆ ಎಂದು ಯಾರೋ ಫಾಲೆಸಿಗೆ ಹೇಳಿದರು.

"ದರಿದ್ರದವನೇ!" ಎಂದು ಅವಳು ಚೀಲಕ್ಕೆ ಕೂಗಿದಳು. "ಅಷ್ಟು ಹೇಳಿದ್ನಲ್ಲೋ! ಅಕ್ಕ ಬಾಟಲಿ ಕೊಟ್ರೂ ಕುಡಿದ್ಯಲ್ಲೋ ಆ ಹೊಲಸನ್ನ! ನಿನಗೆ ನಾನು ಬೇಡಾಗಿತ್ತೇನೋ!"

ಹೂಳುವುದು ಇನ್ನೊಂದು ಗಂಟೆಯಲ್ಲಿ ಎಂದರು. ತಡ ಮಾಡಲು ಬಿಡುತ್ತಿರಲಿಲ್ಲ. ಅವರ ಕಡೆ ತಮ್ಮನ ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಬೇಕಾದವಳು ತಾಯಿ, ತಾಯಿ ಇಲ್ಲದಿದ್ದರೆ ಹಿರಿಯಕ್ಕ. ಎನಿಫಾ ಕೈ ತೊಳೆಯಲು ದಡಕ್ಕೆ ಬಂದಳು. ಬ್ವಾನಾಲಿ ತನ್ನ ದೋಣಿಯ ಪಕ್ಕದಲ್ಲಿ, ಮರಳಿನ ಮೇಲೆ ಕಾಲು ಚಾಚಿ ಕೂತಿದ್ದ. ಬೆಳಗಿನಿಂದ ಅವನೊಂದಿಗೆ ಯಾರೂ ಒಂದು ಮಾತು ಆಡಿರಲಿಲ್ಲ.

"ಮುಗೀತೇನಮ್ಮಾ?"

"ಮುಗೀತು. ಕೆರೆ ನೀರು ಕುಡಿದು ಸತ್ತ, ನಾಯಿ."

ಬ್ವಾನಾಲಿ ತಲೆ ಎತ್ತಿದ. "ಯಾರು ಹೇಳಿದ್ದು?"

"ಅವನೇ ಹೇಳಿದ."

"ಜ್ವರಕ್ಕೆ ಬಡಬಡಿಸಿರಬೇಕು. ಶನಿವಾರದಿಂದ ಅವನು ನನ್ನ ಚಹಾನೇ ಮುಟ್ಟಿಲ್ಲ, ಇನ್ನು ಕೆರೆ ನೀರು ಮುಟ್ತಾನಾ? ಹನ್ನೆರಡೂ ಬಾಟಲಿ ತುಂಬಿ ಸಾಲಾಗಿ ಜೋಡಿಸಿ, ಗುಡಿಸಲ ಮುಂದೆ ಕೂತ್ಕೊಂಡು ನೆರಳು ಅಳೀತಿದ್ದ. ನಾನೇ ಆಡ್ಕೊಂಡೆ, ಏನೋ, ಮೊಟ್ಟೆ ಥರ ಮರಿ ಮಾಡೋಕೆ ಇಟ್ಟಿದ್ದೀಯೇನೋ ಅಂತ. ಮುಖ ತೊಳೆಯೋಕೂ ಅದೇ ನೀರು ತಗೊಂಡ ಕಣಮ್ಮ. ಬಾಯಿಗೆ ಕೆರೆ ನೀರು ಹೋಗುತ್ತೆ ಅಂತ." ದೋಣಿಯೊಳಗೆ ಕೈ ಹಾಕಿ ಎರಡು ಬಾಟಲಿ ತೆಗೆದ. "ದಾರೀಲಿ ಕುಡೀತೀನಿ ಅಂತ ತಂದಿದ್ದು ಇವು. ಮುಚ್ಚಳ ತೆಗೆದೇ ಇಲ್ಲ ನೋಡು."

ಎನಿಫಾ ಆ ಬಾಟಲಿಗಳನ್ನು ತೆಗೆದುಕೊಂಡು ಕೇಂದ್ರದ ಒಳಗೆ ಹೋದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಕ್ಲೋರಿನ್ ಇದೆಯೇ ಎಂದು ನೋಡುವ ಚಿಕ್ಕ ಮಾತ್ರೆ ಇರುತ್ತದೆ; ನೀರಿಗೆ ಹಾಕಿದರೆ, ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಏಳುತ್ತದೆ. ಸಾವಿರ ಸಲ ಮಾಡಿದ ಕೆಲಸ. ತಮ್ಮನ ಬಾಟಲಿಯ ನೀರನ್ನು ಗಾಜಿನ ಕೊಳವೆಗೆ ಸುರಿದು ಮಾತ್ರೆ ಹಾಕಿದಳು. ಬಣ್ಣ ಬರಲಿಲ್ಲ. ಎರಡನೇ ಬಾಟಲಿಯ ನೀರಿಗೂ ಬರಲಿಲ್ಲ.

ಹನಿ ಹಾಕೇ ಇಲ್ಲ, ಕತ್ತೆ, ಎಂದುಕೊಂಡಳು. ಅಷ್ಟು ಹೊತ್ತೂ ಅವಳಿಗೆ ಅವನ ಮೇಲೇ ಸಿಟ್ಟು. ಇಲ್ಲ, ಸೀಸೆಯೇ ಹಾಳಾಗಿರಬೇಕು. ತಮ್ಮನಿಗೆ ಕೊಟ್ಟದ್ದರ ಜೊತೆಗಿದ್ದ ಇನ್ನೊಂದು ಕ್ಲೋರಿನ್ ಸೀಸೆ ತೆಗೆದು, ಲೋಟದಲ್ಲಿ ಸರೋವರದ ತಿಳಿ ನೀರು ಹಿಡಿದು, ಎರಡು ಹನಿ ಹಾಕಿ, ಮಾತ್ರೆ ಹಾಕಿದಳು. ಗುಲಾಬಿ ಬಣ್ಣ ಎದ್ದಿತು. ಸೀಸೆ ಸರಿಯಾಗಿಯೇ ಇತ್ತು.

ಮೂಲೆಯ ಪೆಟ್ಟಿಗೆಯಲ್ಲಿ ಇನ್ನೂ ಬಾಟಲಿಗಳಿದ್ದವು. ಒಂದರ ಮುದ್ರೆ ಒಡೆದು ಲೋಟದ ಗುಲಾಬಿ ನೀರನ್ನು ಅದಕ್ಕೆ ಸುರಿದಳು.

ಬಣ್ಣ ಮಾಯವಾಯಿತು. ಕಣ್ಣೆದುರಿಗೇ, ತಳ ಮುಟ್ಟುತ್ತಿದ್ದ ಹಾಗೇ. ಬಾಟಲಿಯಲ್ಲಿ ಉಳಿದದ್ದು ಸರೋವರದ ನೀರು ಮಾತ್ರ.

ಆಗ ಅವಳಿಗೆ ನೆನಪಾಯಿತು. ಒಂಬತ್ತು ವರ್ಷದ ಹಿಂದೆ, ಇದೇ ಕೋಣೆಯಲ್ಲಿ ಹೇಳಿದ್ದ ಮಾತು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ದಾರಿಯಲ್ಲಿ ಅದು ಬಾಟಲಿಯೊಳಗಿನ ಕ್ರಿಮಿಗಳನ್ನು ಕೊಲ್ಲುತ್ತಲೇ ಹೋದರೆ ಪ್ರಯೋಗಾಲಯಕ್ಕೆ ನಿಜ ಗೊತ್ತಾಗುವುದಿಲ್ಲ. ಅದಕ್ಕಾಗಿ ಪುಡಿ. ಕ್ಲೋರಿನ್ನನ್ನು ಮುಗಿಸಿ, ಕ್ರಿಮಿಯನ್ನು ಜೀವಂತ ಕಾಯುವುದೇ ಆ ಪುಡಿಯ ಕೆಲಸ.

ಅವನು ತೊಳೆಯಬೇಕಾ ಎಂದು ಕೇಳಿದ್ದ. ಒಂದು ಸಲ ಕುಲುಕಿಸಿ ಚೆಲ್ಲಿದ್ದರೆ ಸಾಕಿತ್ತು.

ಎನಿಫಾ ನೆಲಕ್ಕೆ ಕೂತಳು. ಅಳಲು ಬರಲಿಲ್ಲ. ಅಷ್ಟರಲ್ಲಿ ಇನ್ನೊಂದು ನೆನಪಾಗಿ ಎದ್ದು ಹೊರಗೆ ಓಡಿದಳು.

"ಬ್ವಾನಾಲಿ! ಹನ್ನೆರಡರಲ್ಲಿ ಯಾರಿಗಾದ್ರೂ ಕೊಟ್ನಾ?"

"ನಾಲ್ಕು ಕೊಟ್ಟ. ಆಚೆ ಎರಡು ಗುಡಿಸಲಿನೋರಿಗೆ ಎರಡೆರಡು. ಮೊದಲು ನಕ್ಕಿದ್ರಲ್ಲ, ಆಮೇಲೆ ಅವರೇ ಕೇಳಿ ಇಸ್ಕೊಂಡ್ರು."

"ಕುಡಿದ್ರಾ?"

"ನನಗೇನು ಗೊತ್ತಮ್ಮ? ಬಲೆ ಮುಗಿಸಿ ಇವತ್ತು ಸಂಜೆ ಕುಡೀತೀವಿ ಅಂತಿದ್ರು."

ಗುಡಾರದ ಹಿಂದಿನಿಂದ ಚೀಲ ಹೊತ್ತು ಹೊರಟಿದ್ದರು. ಫಾಲೆಸಿ ಹಿಂದೆ ನಡೆಯುತ್ತ, ಕುತ್ತಿಗೆ ತಿರುಗಿಸಿ ಅತ್ತಿಗೆಯನ್ನು ಹುಡುಕುತ್ತಿದ್ದಳು. ಎನಿಫಾ ನೋಡಿದಳು. ಗುಂಡಿ ಇನ್ನೂರು ಹೆಜ್ಜೆ ದೂರ. ಗುಡಿಸಲು ಗಾಳಿ ಒಳ್ಳೆಯದಿದ್ದರೂ ಎರಡೂವರೆ ಗಂಟೆ ದೂರ.

"ಏಳು, ಗಳ ಹಿಡಿ," ಎಂದಳು.

"ಹುಚ್ಚಾ ನಿನಗೆ? ತಮ್ಮನ್ನ ಹೂಳ್ತಿದ್ದಾರೆ."

"ಅವನು ಸತ್ತಾಯ್ತು ಕಣಯ್ಯಾ! ಎದ್ದೇಳು!"

ಇಬ್ಬರೂ ಎರಡು ಗಳ ಹಿಡಿದು ನೂಕಿದರು. ಅರ್ಧ ದಾರಿ ಸವೆಯಿತು. ಆಮೇಲೆ ಎಲ್ಲವನ್ನೂ ಹೇಳಿದಳು. ಬ್ವಾನಾಲಿ ಗಳ ನಿಲ್ಲಿಸಿ ಅವಳ ಮುಖ ನೋಡಿದ, ಮತ್ತೆ ಊರಿದ. "ನಾನು ಚಹ ಆರಿಸಿ ಕೊಟ್ಟಿದ್ರೆ ಆಗ್ತಿತ್ತು," ಎಂದಷ್ಟೇ ಅಂದ.

ಆಚೆ ಗುಡಿಸಲಿನವರು ಮೂರು ಬಾಟಲಿ ಮುಟ್ಟಿರಲಿಲ್ಲ. ಒಂದರಲ್ಲಿ ಅರ್ಧ ಖಾಲಿಯಾಗಿತ್ತು, ಕುಡಿದವನಿಗೆ ಹೊಟ್ಟೆ ಮುರಿಯಲು ಶುರುವಾಗಿತ್ತು. ಅವನನ್ನು ದೋಣಿಗೆ ಹಾಕಿಕೊಂಡರು. ಉಳಿದವರು ಬಾಟಲಿಗಳನ್ನು ಕೊಡಲು ಒಪ್ಪಲಿಲ್ಲ. "ವೈಸೋನಿ ಕೊಟ್ಟಿದ್ದು, ನಿನಗ್ಯಾಕೆ? ಈಗ ನಿಮ್ಮ ಕೇಂದ್ರಕ್ಕೆ ಅದೂ ಬೇಕಾ ಬಾಟಲಿಯಮ್ಮ?" ಎಂದು ಜಗಳಕ್ಕೆ ಬಂದರು.

"ಇದನ್ನೇ ಕುಡಿದು ಸತ್ತ ಅವನು," ಎಂದಳು ಎನಿಫಾ. "ಹನಿ ಹಾಕಿದ್ರೂ ಈ ಬಾಟಲೀಲಿ ಔಷಧಿ ನಿಲ್ಲಲ್ಲ. ನಾನು ಕೊಟ್ಟೆ. ನನ್ನ ತಪ್ಪು. ಉಗೀಬೇಕಂದ್ರೆ ಉಗೀರಿ, ಬಾಟಲಿ ಕೊಡಿ."

ಯಾರೂ ಉಗಿಯಲಿಲ್ಲ. ಬಾಟಲಿಗಳು ಒಂದೊಂದಾಗಿ ದೋಣಿಗೆ ಬಂದವು. ಅವನ ಗುಡಿಸಲಿನ ಮುಂದಿನ ಸಾಲಿನಲ್ಲಿ ಆರು ಇದ್ದವು, ಐದು ಖಾಲಿ.

ತಂದ ರೋಗಿಗೆ ತಡವಾಗಿರಲಿಲ್ಲ. ಮೊದಲ ಸಲಕ್ಕೇ ನರ ಸಿಕ್ಕಿತು. ಅವನ ಹಾಳೆ ಬರೆಯುತ್ತಿದ್ದ ಡಾಕ್ಟರ್ ಮ್ಸುಕ್ವಾ ಅವರ ಮುಂದೆ ಎನಿಫಾ ಹನ್ನೆರಡು ಬಾಟಲಿಗಳನ್ನೂ ಇಟ್ಟು, ಆದದ್ದನ್ನು ಹೇಳಿದಳು. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಅವನು ಇವತ್ತಲ್ಲ ನಾಳೆ ಆ ನೀರು ಕುಡಿದೇ ಕುಡೀತಿದ್ದ ಎನಿಫಾಮ್ಮ. ಎಲ್ಲರೂ ಕುಡೀತಾರೆ."

"ಶನಿವಾರ ದಡಕ್ಕೆ ಬರೋನಿದ್ದ. ಬಾಟಲಿ ಕೊಟ್ಟು ನಾನೇ ಅವನನ್ನ ನೀರಿನ ಮೇಲೆ ಉಳಿಸಿದೆ. ಆ ಹಾಳೆ ತೆಗೀರಿ. ಕೆರೆ ನೀರು ಕುಡಿದ ಅಂತ ಬರೆದಿದ್ದೀರಲ್ಲ, ಹೊಡೆದುಹಾಕಿ."

"ರೋಗಿಯೇ ಹೇಳಿದ್ದು ಅದು. ತಿದ್ದಿದ್ರೆ ಯಾಕೆ ಅಂತ ಬರೀಬೇಕಾಗುತ್ತೆ. ಬಾಟಲಿ ಯಾರು ಕೊಟ್ರು ಅಂತಾನೂ. ನಿಮ್ಮ ಕೆಲಸ..."

"ಬರೀರಿ. ಹೇಳಿಕೊಟ್ಟ ಹಂಗೇ ಮಾಡಿದ ಅಂತ ಬರೀರಿ. ಹೇಳಿಕೊಟ್ಟೋಳು ತಪ್ಪು ಹೇಳಿದ್ಲು ಅಂತ ಬರೀರಿ. ಅವನು ನನ್ನ ಮಾತು ಕೇಳಿದ್ದು ಒಂದೇ ಸಲ ಡಾಕ್ಟ್ರೇ. ಅದನ್ನೂ ಸುಳ್ಳು ಮಾಡಬೇಡಿ."

ಡಾಕ್ಟರು ಗೀಟು ಎಳೆದು ಬರೆದರು. ಅವಳು ಅದನ್ನು ಓ‌ದಿಸಿ ಕೇಳಿ, ಎದ್ದು ಹೊರಟಳು.

ಫಾಲೆಸಿಯ ಊರು ಮುಟ್ಟುವಾಗ ರಾತ್ರಿಯಾಗಿತ್ತು. ಕಾಲರಾದ ಸಾವಿಗೆ ಜನ ಸೇರಬಾರದು, ಊಟ ಹಾಕಬಾರದು ಎಂದು ಡಂಗುರ ಹೊಡೆಸಿದ್ದರು. ಆದರೂ ಏಳೆಂಟು ಹೆಂಗಸರು ಮನೆಯೊಳಗೆ ನೆಲದ ಮೇಲೆ ಕೂತಿದ್ದರು. ಎನಿಫಾಳನ್ನು ಕಂಡು ಅವರು ಮುಖ ತಿರುಗಿಸಿದರು. ಫಾಲೆಸಿ ಬಾಗಿಲಿಗೆ ಬಂದಳು. ಕಣ್ಣು ಊದಿ ಕೆಂಪಾಗಿದ್ದವು.

"ಬಂದ್ರಾ ಅತ್ತಿಗೆ? ಸೋಮವಾರದ ನೀರು ಹಿಡಿದಿದ್ದಾಯ್ತಾ? ತಮ್ಮನ್ನ ಹೂಳೋ ಹೊತ್ತಿಗೂ ಬಾಟಲಿ ಬಿಡಲಿಲ್ವಲ್ಲ ನೀವು. ಮಣ್ಣು ನಾನೇ ಹಾಕಿದೆ. ಅವನಕ್ಕ ಎಲ್ಲಿ ಅಂತ ಎಲ್ಲಾರೂ ಕೇಳಿದ್ರು. ನಾನೇನು ಹೇಳ್ಲಿ?"

ಎನಿಫಾ ಅಂಗಳದಲ್ಲೇ ನಿಂತು ಹೇಳಿದಳು. ಬಾಟಲಿ, ಪುಡಿ, ತೊಳೆಯಬೇಡ ಎಂದದ್ದು, ಗುಲಾಬಿ ಬಣ್ಣ ಮಾಯವಾದದ್ದು. ಒಳಗಿನ ಹೆಂಗಸರಿಗೂ ಕೇಳುವ ಹಾಗೆ ಗಟ್ಟಿಯಾಗಿಯೇ ಹೇಳಿದಳು. ಫಾಲೆಸಿಗೆ ಪುಡಿಯ ವಿಷಯ ಎಷ್ಟು ತಿಳಿಯಿತೋ ಗೊತ್ತಿಲ್ಲ.

"ಹಂಗಾದ್ರೆ ಅವನು ಕೆರೆ ನೀರು ಕುಡಿದಿರಲಿಲ್ಲ," ಎಂದಳು.

"ಇಲ್ಲ."

"ಕುಡಿದೆ ಅಂತ ಒಪ್ಕೊಂಡ ಅಂದ್ರಲ್ಲ?"

"ನಾನು ಬೈದೆ. ಸುಳ್ಳ ಅಂದೆ. ನಾನು ಸುಮ್ಮನಾಗಲಿ ಅಂತ ಒಪ್ಕೊಂಡ."

ಫಾಲೆಸಿಯ ಕೈ ಬಾಗಿಲ ಚೌಕಟ್ಟನ್ನು ಹುಡುಕಿತು. "ನಾನೂ ಬೈದೆ," ಎಂದಳು. "ಚೀಲಕ್ಕೆ ಬೈದೆ. ಗುಂಡಿಗೆ ಇಳಿಸುವಾಗಲೂ ಬೈತಾನೇ ಇದ್ದೆ ಅತ್ತಿಗೆ. ಹೋಗು, ಹಾಳಾಗಿ ಹೋಗು ಅಂದೆ. ಹಂಗೇ ಕಳಿಸಿದೆ."

ಎನಿಫಾ ಒಂದು ಹೆಜ್ಜೆ ಮುಂದಿಟ್ಟಳು. ಫಾಲೆಸಿ ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಒಳಗೆ ತಿರುಗಿ, "ಕೇಳಿದ್ರೇನ್ರೇ? ಅವನು ಕುಡಿದಿರಲಿಲ್ಲವಂತೆ. ಹೇಳಿದ ಹಂಗೇ ಮಾಡಿದ್ನಂತೆ," ಎಂದಳು, ಮತ್ತು ಅಲ್ಲೇ ಕುಸಿದಳು. ಹೆಂಗಸರು ಅವಳನ್ನು ಹಿಡಿದುಕೊಂಡು ಅಳಲು ಶುರುಮಾಡಿದರು. ಮಧ್ಯಾಹ್ನದಿಂದ ಅವರು ಅತ್ತದ್ದು ಹಟಮಾರಿಯೊಬ್ಬ ತಂದುಕೊಂಡ ಸಾವಿಗೆ. ಈಗ ವೈಸೋನಿಗಾಗಿ ಅತ್ತರು.

ಎನಿಫಾ ಅಂಗಳದಲ್ಲಿ ನಿಂತೇ ಇದ್ದಳು. ಅವಳನ್ನು ಒಳಗೆ ಕರೆಯಲು ಯಾರೂ ಎದ್ದು ಬರಲಿಲ್ಲ.